ವ್ಯಾಧಿಯ ಕಾಲದಲ್ಲಿ ವಿದ್ಯಾರ್ಥಿಗಳ ಪೋಷಣೆ: 1527ರ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಚರಿತ್ರೆಯಿಂದ ಒಂದು ವಿಚಾರ

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳೂ ದೇವಶಾಸ್ತ್ರದ ಕಾಲೇಜುಗಳೂ ಬಾಗಿಲು ಮುಚ್ಚಿದಾಗ, ಪಾಠವನ್ನು ಮುಂದುವರಿಸುವುದು ಹೇಗೆಂಬುದೇ ಅಧ್ಯಾಪಕರ ಮುಂದಿದ್ದ ಮೊದಲನೆಯ ಪ್ರಶ್ನೆಯಾಗಿತ್ತು. ಮೊಬೈಲ್ ಫೋನಿನ ಮೂಲಕ ಉಪನ್ಯಾಸಗಳು ಅನೇಕರ ಮನೆಗಳನ್ನು ಸೇರಿದವು. ಆದರೆ ಗ್ರಂಥಾಲಯದ ಕಪಾಟುಗಳು ಅವುಗಳ ಜೊತೆಯಲ್ಲಿ ಹೋಗಲಿಲ್ಲ; ವಿದ್ಯಾರ್ಥಿನಿಲಯದ ಊಟವೂ ಹೋಗಲಿಲ್ಲ. ವ್ಯಾಧಿಯ ಕಾಲದಲ್ಲಿ ವಿದ್ಯಾಲಯವು ತನ್ನ ವಿದ್ಯಾರ್ಥಿಗಳಿಗೆ ಏನನ್ನು ಸಲ್ಲಿಸಲು ಬದ್ಧವಾಗಿದೆ? ಈ ಪ್ರಶ್ನೆ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಸುಮಾರು ಐದು ನೂರು ವರ್ಷಗಳ ಹಿಂದೆ ಅದನ್ನು ಎದುರಿಸಿದ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಚರಿತ್ರೆಯನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಸಭಾಚರಿತ್ರೆಯ ಪಾಠಗಳಲ್ಲಿ 1527ರ ಪ್ಲೇಗಿನ ಪ್ರಸಂಗವನ್ನು ಸಾಮಾನ್ಯವಾಗಿ ಒಬ್ಬ ಬೋಧಕನ ಧೈರ್ಯದ ಕಥೆಯಾಗಿ ಹೇಳುತ್ತಾರೆ: ಎಲ್ಲರೂ ಊರು ಬಿಟ್ಟರು, ಮಾರ್ಟಿನ್ ಲೂಥರರು ಮಾತ್ರ ರೋಗಿಗಳ ಬಳಿಯಲ್ಲಿ ಉಳಿದರು. ಈ ನಿರೂಪಣೆಯಲ್ಲಿ ಸತ್ಯವಿದೆ. ಆದರೆ ಊರು ಬಿಟ್ಟವರೆಲ್ಲರೂ ಕರ್ತವ್ಯಭ್ರಷ್ಟರೆಂಬ ಅನ್ಯಾಯದ ತೀರ್ಪೂ ಅದರಲ್ಲಿ ಅಡಗಿದೆ. ಲೂಥರರು ಬೋಧಕರಾಗಿದ್ದಂತೆಯೇ ಅಧ್ಯಾಪಕರೂ ಆಗಿದ್ದರು. ಅವರ ಸುತ್ತಲೂ ಒಂದು ವಿಶ್ವವಿದ್ಯಾಲಯವಿತ್ತು. ಅದನ್ನು ಗಮನಕ್ಕೆ ತಂದುಕೊಂಡರೆ ಈ ಪ್ರಸಂಗದ ಅರ್ಥ ಬದಲಾಗುತ್ತದೆ.

ವಿಟೆನ್‌ಬರ್ಗ್ ವಿಶ್ವವಿದ್ಯಾಲಯವನ್ನು 1502ರಲ್ಲಿ ಸ್ಯಾಕ್ಸನಿಯ ಚುನಾಯಕ ಪ್ರಭುವಾದ ಫ್ರೆಡ್ರಿಕರು ಸ್ಥಾಪಿಸಿದರು. ಎಲ್ಬೆ ನದಿಯ ದಡದ ಆ ಚಿಕ್ಕ ಪಟ್ಟಣಕ್ಕೆ 1517ರ ತರುವಾಯ ದೂರದೂರದಿಂದ ವಿದ್ಯಾರ್ಥಿಗಳು ಬರತೊಡಗಿದರು. 1518ರಲ್ಲಿ ಗ್ರೀಕ್ ಭಾಷೆಯ ಅಧ್ಯಾಪಕರಾಗಿ ಬಂದ ಫಿಲಿಪ್ ಮೆಲಂಕ್ತನರು ಅದರ ಕೀರ್ತಿಯನ್ನು ಹೆಚ್ಚಿಸಿದರು. ಅಂದಿನ ವಿದ್ಯಾಭ್ಯಾಸದ ಕ್ರಮವನ್ನು ನಾವು ಇಲ್ಲಿ ನೆನಪಿಡಬೇಕು. ಅಚ್ಚಿನ ಪುಸ್ತಕಗಳು ಬಂದಿದ್ದರೂ ಬಡ ವಿದ್ಯಾರ್ಥಿಗೆ ಅವು ದುಬಾರಿಯಾಗಿದ್ದವು. ಗುರುವು ಗ್ರಂಥವನ್ನು ಓದಿ ವಿವರಿಸುವನು. ಶಿಷ್ಯನು ಕೇಳಿ ಬರೆದುಕೊಳ್ಳುವನು. ಆ ಟಿಪ್ಪಣಿಯೇ ಮುಂದೆ ಅವನ ಗ್ರಂಥಾಲಯವಾಗುವುದು. ಆದುದರಿಂದ ಗುರುವಿನ ಕಂಠ, ಶಿಷ್ಯನ ಕೈಬರಹ, ಇಬ್ಬರಿಗೂ ಬೇಕಾದ ಊಟ ಮತ್ತು ವಸತಿ ಇವೇ ಆ ಕಾಲದ ಕಲಿಕೆಯ ಸಾಧನಗಳಾಗಿದ್ದವು. ಇವುಗಳಲ್ಲಿ ಯಾವುದನ್ನೂ ದೂರದಿಂದ ಕಳುಹಿಸುವಂತಿರಲಿಲ್ಲ.

1527ರ ಆಗಸ್ಟ್ 2ರಂದು ವಿಟೆನ್‌ಬರ್ಗ್‌ನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಫ್ರೆಡ್ರಿಕರ ತರುವಾಯ ಪ್ರಭುವಾಗಿದ್ದ ಅವರ ತಮ್ಮ ಯೋಹಾನರು ಆಗಸ್ಟ್ 10ರಂದು ಲೂಥರರಿಗೆ ಪತ್ರ ಬರೆದು, ಕುಟುಂಬಸಮೇತರಾಗಿ ಯೇನಾ ಪಟ್ಟಣಕ್ಕೆ ಹೋಗಬೇಕೆಂದು ಆಜ್ಞಾಪಿಸಿದರು. ಐದು ದಿನಗಳ ತರುವಾಯ ವಿಶ್ವವಿದ್ಯಾಲಯವೂ ಅಲ್ಲಿಗೆ ಸ್ಥಳಾಂತರಗೊಂಡಿತು. ಜಾಲೆ ನದಿಯ ತೀರದ ಯೇನಾ ವಿಟೆನ್‌ಬರ್ಗ್‌ನಿಂದ ನೂರು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿತ್ತು. ಆಗ ಅಲ್ಲಿ ವಿಶ್ವವಿದ್ಯಾಲಯವಿರಲಿಲ್ಲ. ಮುಂದೆ ವಿದ್ಯಾಲಯವು ವಿಟೆನ್‌ಬರ್ಗ್‌ಗೆ ಸಮೀಪವಾದ ಷ್ಲೀಬೆನ್ ಎಂಬ ಊರಿಗೂ ಹೋಗಿ, 1528ರ ಏಪ್ರಿಲ್ ತಿಂಗಳಲ್ಲಿ ಸ್ವಸ್ಥಳಕ್ಕೆ ಹಿಂದಿರುಗಿತು.

ಈ ಸ್ಥಳಾಂತರವನ್ನು ಪಲಾಯನವೆಂದು ಕರೆಯುವುದು ಸರಿಯೇ? ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಪ್ರಭುವು ವಿದ್ಯಾಲಯವನ್ನು ಮುಚ್ಚಿಸಿ ವಿದ್ಯಾರ್ಥಿಗಳನ್ನು ಅವರವರ ಊರುಗಳಿಗೆ ಅಟ್ಟಬಹುದಾಗಿತ್ತು. ಹಾಗೆ ಮಾಡದೆ, ಗುರುಗಳೂ ಶಿಷ್ಯರೂ ಒಟ್ಟಿಗಿರುವಂತೆ ಇಡೀ ವಿದ್ಯಾಲಯಕ್ಕೆ ಬೇರೊಂದು ಸ್ಥಳವನ್ನು ಗೊತ್ತುಮಾಡಿದರು. ಮಗನನ್ನು ಅಧ್ಯಾಪಕರ ಕೈಗೆ ಒಪ್ಪಿಸಿ ಕಳುಹಿಸಿದ್ದ ತಂದೆತಾಯಿಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಏನಿತ್ತು? ಗುರುವಿನ ಸಾನ್ನಿಧ್ಯವೇ ಕಲಿಕೆಯ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ ಆ ಸಾಧನವನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿದ್ದು ಪೋಷಣೆಯ ಕಾರ್ಯವೇ ಆಗಿತ್ತು.

ಆದರೆ ಎಲ್ಲರೂ ಹೋಗಲಿಲ್ಲ. ಲೂಥರರು ಪ್ರಭುವಿನ ಆಜ್ಞೆಯನ್ನು ಪಾಲಿಸದೆ ವಿಟೆನ್‌ಬರ್ಗ್‌ನಲ್ಲಿಯೇ ನಿಂತರು; ಪಟ್ಟಣದ ಸಭಾಪಾಲಕರಾದ ಯೋಹಾನ್ ಬುಗೆನ್‌ಹಾಗೆನರೂ ಕೆಲವು ಸಹಾಯಕ ಬೋಧಕರೂ ನಿಂತರು. ಕೆಲವು ವಿದ್ಯಾರ್ಥಿಗಳೂ ಉಳಿದುಕೊಂಡರು. ಆಗಸ್ಟ್ 19ರೊಳಗೆ ಹದಿನೆಂಟು ಮಂದಿ ಸತ್ತಿದ್ದರು. ನಗರಾಧ್ಯಕ್ಷರ ಪತ್ನಿಯು ಪ್ರಾಣ ಬಿಡುವಾಗ ಲೂಥರರು ಆಕೆಯ ಬಳಿಯಲ್ಲಿದ್ದರು. ಅದೇ ಆಗಸ್ಟ್ 19ರಂದು ಅವರು ಉಳಿದಿದ್ದ ವಿದ್ಯಾರ್ಥಿಗಳಿಗೆ ಯೋಹಾನನ ಮೊದಲನೆಯ ಪತ್ರಿಕೆಯ ಮೇಲೆ ಉಪನ್ಯಾಸಗಳನ್ನು ಪ್ರಾರಂಭಿಸಿದರು. ಅವು ನವೆಂಬರ್ 7ರವರೆಗೆ ನಡೆದವು. ಆ ಬಳಿಕ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ತೀತನಿಗೂ ಫಿಲೆಮೋನನಿಗೂ ಬರೆದ ಪತ್ರಿಕೆಗಳನ್ನು ಅವರು ವಿವರಿಸಿದರು.

ಈ ತಾರೀಖುಗಳನ್ನು ಆ ಮನೆಯ ಸ್ಥಿತಿಯ ಪಕ್ಕದಲ್ಲಿಟ್ಟು ನೋಡಬೇಕು. ಜುಲೈ ತಿಂಗಳಲ್ಲಿಯೇ ಲೂಥರರು ಮರಣವು ಸಮೀಪಿಸಿತೆಂದು ತಿಳಿಯುವಷ್ಟು ಅಸ್ವಸ್ಥರಾಗಿದ್ದರು. ಮನಸ್ಸಿನ ತೀವ್ರ ಶೋಧನೆಯೂ ಅವರನ್ನು ಬಿಟ್ಟಿರಲಿಲ್ಲ. ಪತ್ನಿ ಕತರೀನಾ ಗರ್ಭಿಣಿಯಾಗಿದ್ದರು. ಚಿಕ್ಕ ಮಗ ಹಾನ್ಸ್ ಕಾಯಿಲೆ ಬಿದ್ದಿದ್ದನು. ಅವರು ವಾಸಿಸುತ್ತಿದ್ದ ಹಳೆಯ ಸನ್ಯಾಸಿಮಠದ ಕೋಣೆಗಳಲ್ಲಿ ರೋಗಿಗಳನ್ನು ಮಲಗಿಸಲಾಗಿತ್ತು. ಸಹಾಯಕ ಬೋಧಕರಾದ ಗೆಯೋರ್ಗ್ ರೋರರರ ಪತ್ನಿ, ಬುಗೆನ್‌ಹಾಗೆನರ ತಂಗಿ, ಹೆರಿಗೆಯ ಸಮಯದಲ್ಲಿ ಪ್ಲೇಗಿಗೆ ತುತ್ತಾಗಿ ನವೆಂಬರ್ ತಿಂಗಳ ಆರಂಭದಲ್ಲಿ ತೀರಿಹೋದರು, ಮಗುವೂ ಉಳಿಯಲಿಲ್ಲ. ಆಗ ಬುಗೆನ್‌ಹಾಗೆನರು ಕುಟುಂಬದೊಡನೆ ಲೂಥರರ ಮನೆಗೆ ಬಂದು ನೆಲಸಿದರು, ಒಬ್ಬರಿಗೊಬ್ಬರು ಆಸರೆಯಾಗಲೆಂದು. ಯೋಹಾನನ ಪತ್ರಿಕೆಯ ಉಪನ್ಯಾಸಗಳನ್ನು ಬರೆದುಕೊಂಡವರಲ್ಲಿ ಇದೇ ರೋರರರು ಮುಖ್ಯರು. ಸಹೋದರರಿಗಾಗಿ ಪ್ರಾಣ ಕೊಡುವ ವಿಷಯವೂ, ಕೊರತೆಯಲ್ಲಿರುವವನನ್ನು ಕಂಡು ಕರುಣೆಯನ್ನು ತಡೆಹಿಡಿಯುವವನ ವಿಷಯವೂ ಆ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಬರುತ್ತವೆ. ಅದನ್ನು ಕೇಳಿದ ವಿದ್ಯಾರ್ಥಿಗಳಿಗೆ ಅದರ ಅರ್ಥವನ್ನು ಹುಡುಕಲು ಬೀದಿಗಿಂತ ಆಚೆ ಹೋಗಬೇಕಾಗಿರಲಿಲ್ಲ.

ಆದರೂ ಉಳಿದ ವಿದ್ಯಾರ್ಥಿಗಳಿಗೆ ಎಲ್ಲವೂ ದೊರೆಯಿತೆಂದು ನಾವು ಹೇಳಲಾರೆವು. ಮೆಲಂಕ್ತನರು ಯೇನಾದಲ್ಲಿದ್ದರು; ಯುಸ್ಟುಸ್ ಯೋನಾಸರು ಕುಟುಂಬದೊಡನೆ ನಾರ್ಡ್‌ಹೌಸೆನ್‌ಗೆ ಹೋಗಿದ್ದರು. ಊರಿನಲ್ಲಿ ದೊರೆತದ್ದು ದಣಿದ ಗುರುವೊಬ್ಬರ ಸತ್ಯವೇದದ ಪಾಠ. ಯೇನಾಕ್ಕೆ ಹೋಗಲು ಶಕ್ತರಾದವರಿಗೂ ಉಳಿದವರಿಗೂ ಒಂದೇ ಬಗೆಯ ವಿದ್ಯೆ ಸಿಗಲಿಲ್ಲ. ಈ ಅಸಮಾನತೆಯನ್ನು ಮರೆಮಾಡಿದರೆ ಚರಿತ್ರೆಯು ಕೇವಲ ಸ್ತುತಿಪಾಠವಾಗುತ್ತದೆ.

ಹೋಗುವುದು ಸರಿಯೋ, ನಿಲ್ಲುವುದು ಸರಿಯೋ ಎಂಬ ಪ್ರಶ್ನೆಗೆ ಲೂಥರರು ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಉತ್ತರ ಕೊಟ್ಟರು. ಬ್ರೆಸ್ಲೌ ಪಟ್ಟಣದ ಬೋಧಕರಾದ ಯೋಹಾನ್ ಹೆಸ್ಸರು, ಮರಣಕರವಾದ ವ್ಯಾಧಿಯಿಂದ ಕ್ರೈಸ್ತನು ಓಡಿಹೋಗಬಹುದೇ ಎಂದು ಅವರನ್ನು ಕೇಳಿದ್ದರು. ಪತ್ರರೂಪದ ಉತ್ತರವು ವಿಟೆನ್‌ಬರ್ಗ್‌ನಲ್ಲಿ ಚಿಕ್ಕ ಪುಸ್ತಕವಾಗಿ ಅಚ್ಚಾಯಿತು. ಅದರ ವಾದವು ಸ್ಪಷ್ಟವಾಗಿದೆ. ಪ್ರಾಣವನ್ನು ಉಳಿಸಿಕೊಳ್ಳುವ ಬಯಕೆ ಸ್ವಾಭಾವಿಕವಾದದ್ದು, ಅದು ಪಾಪವಲ್ಲ. ಆದರೆ ಇನ್ನೊಬ್ಬರ ಹೊಣೆಯನ್ನು ಹೊತ್ತವರು, ಅಂದರೆ ಬೋಧಕರು, ನಗರಾಧಿಕಾರಿಗಳು, ವೈದ್ಯರು, ಯಜಮಾನರು, ಸೇವಕರು, ತಂದೆತಾಯಿಗಳು, ತಮ್ಮ ಸ್ಥಾನಕ್ಕೆ ಬದಲಿ ವ್ಯವಸ್ಥೆಯಿಲ್ಲದೆ ಹೋಗಬಾರದು. ಆ ಹೊಣೆ ಇಲ್ಲದವರು, ಅಥವಾ ಅದನ್ನು ಬೇರೆಯವರು ವಹಿಸಿಕೊಂಡಿದ್ದರೆ, ಸ್ವತಂತ್ರರು. ಹಾಗೆಯೇ ಔಷಧವನ್ನು ತಿರಸ್ಕರಿಸುವುದು, ಅಗತ್ಯವಿಲ್ಲದ ಕಡೆ ಹೋಗಿ ರೋಗವನ್ನು ಹರಡುವುದು ನಂಬಿಕೆಯಲ್ಲ, ದೇವರನ್ನು ಪರೀಕ್ಷಿಸುವುದು ಎಂದು ಅವರು ಎಚ್ಚರಿಸುತ್ತಾರೆ. ಊರೂರಿಗೆ ಆಸ್ಪತ್ರೆಗಳಿದ್ದು ಅಧಿಕಾರಿಗಳು ಅವುಗಳನ್ನು ನಡೆಸಿದರೆ ಎಷ್ಟು ಒಳ್ಳೆಯದೆಂದೂ ಹೇಳುತ್ತಾರೆ.

ಆ ಪುಸ್ತಕವು ವಿಶ್ವವಿದ್ಯಾಲಯದ ಅಧ್ಯಾಪಕರ ವಿಷಯವನ್ನು ಪ್ರತ್ಯೇಕವಾಗಿ ವಿಸ್ತರಿಸುವುದಿಲ್ಲ. ಆದರೆ ಅದರ ತತ್ವವನ್ನು ಅವರಿಗೆ ಅನ್ವಯಿಸುವುದು ಕಷ್ಟವಲ್ಲ. ಒಪ್ಪಿಸಲ್ಪಟ್ಟವರು ಎಲ್ಲಿದ್ದಾರೋ ಕರ್ತವ್ಯವು ಅಲ್ಲಿದೆ. ಯೇನಾಕ್ಕೆ ಹೋದ ವಿದ್ಯಾರ್ಥಿಗಳ ಜೊತೆಯಲ್ಲಿ ಹೋದ ಅಧ್ಯಾಪಕರು ತಮ್ಮ ಸ್ಥಾನವನ್ನು ಬಿಡಲಿಲ್ಲ. ಅವರ ಸ್ಥಾನವೇ ಯೇನಾಕ್ಕೆ ಹೋಗಿತ್ತು. ವಿಟೆನ್‌ಬರ್ಗ್‌ನಲ್ಲಿ ಉಳಿದ ಸಭೆಗೂ ವಿದ್ಯಾರ್ಥಿಗಳಿಗೂ ಒಬ್ಬ ಗುರು ಬೇಕಾಗಿದ್ದುದರಿಂದ ಲೂಥರರ ಸ್ಥಾನ ಅಲ್ಲಿಯೇ ಇತ್ತು. ಎರಡು ಊರುಗಳ ನಡುವೆ ಒಂದೇ ಕರ್ತವ್ಯವು ಹಂಚಿಹೋಗಿತ್ತು.

ಇದೇ ವಿಷಯದ ಇನ್ನೊಂದು ಮುಖವನ್ನು ಕಾಣಲು ನೂರಮೂವತ್ತೆಂಟು ವರ್ಷ ಮುಂದಕ್ಕೆ, ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋಗೋಣ. 1665ರಲ್ಲಿ ಪ್ಲೇಗಿನ ಭಯದಿಂದ ಅಲ್ಲಿಯ ವಿದ್ಯಾರ್ಥಿಗಳು ಚದುರಿಹೋದರು. ಬೇರೊಂದು ಊರಿನಲ್ಲಿ ಅವರನ್ನು ಕೂಡಿಸುವ ಏರ್ಪಾಡು ನಡೆಯಲಿಲ್ಲ. ಆದರೆ ಟ್ರಿನಿಟಿ ಕಾಲೇಜಿನ ಹಿರಿಯರು ಆಗಸ್ಟ್ 7ರಂದು ಒಂದು ನಿರ್ಣಯ ಮಾಡಿದರು: ಹಳ್ಳಿಗಾಡಿಗೆ ಹೋಗುವ ಫೆಲೋಗಳಿಗೂ ಸ್ಕಾಲರ್‌ಗಳಿಗೂ ಮುಂದಿನ ಒಂದು ತಿಂಗಳ ಊಟದ ಭತ್ಯೆಯನ್ನು ಎಂದಿನ ದರದಲ್ಲಿ ಕೊಡತಕ್ಕದ್ದು. ಗುರುವನ್ನು ಕಳುಹಿಸಲಾಗದ ಕಾಲೇಜು ಅನ್ನದ ಬೆಲೆಯನ್ನು ಕಳುಹಿಸಿತು.

ಆಗ ಮನೆಗೆ ಹೋಗಿದ್ದವರಲ್ಲಿ ಐಸಾಕ್ ನ್ಯೂಟನರೂ ಒಬ್ಬರು. ವುಲ್ಸ್‌ಥಾರ್ಪ್ ಎಂಬ ಹಳ್ಳಿಯ ಮನೆಯಲ್ಲಿ ಅವರು ಗಣಿತದಲ್ಲಿಯೂ ಬೆಳಕಿನ ವಿಷಯದಲ್ಲಿಯೂ ಮಾಡಿದ ಚಿಂತನೆ ಪ್ರಸಿದ್ಧವಾಗಿದೆ. 2020ರಲ್ಲಿ ಈ ಕಥೆಯನ್ನು ವಿದ್ಯಾರ್ಥಿಗಳಿಗೆ ಹುರುಪು ತುಂಬಲು ಅನೇಕರು ಹೇಳಿದರು. ಆದರೆ ಅದರ ಇನ್ನೊಂದು ಭಾಗವನ್ನು ಹೇಳಿದವರು ವಿರಳ. ನ್ಯೂಟನರು 1661ರಲ್ಲಿ ಕಾಲೇಜಿಗೆ ಸೇರಿದ್ದು ಇತರರ ಚಾಕರಿ ಮಾಡಿ ಓದುವ ದರ್ಜೆಯಲ್ಲಿ. 1664ರಲ್ಲಿ ಮಾತ್ರ ಅವರಿಗೆ ಸ್ಕಾಲರ್ ಸ್ಥಾನ ದೊರೆಯಿತು. ಪ್ಲೇಗು ಎರಡು ವರ್ಷ ಮೊದಲೇ ಬಂದಿದ್ದರೆ ಅಂತಹ ನಿರ್ಣಯದ ಪ್ರಯೋಜನ ಪಡೆಯುವ ಅರ್ಹತೆಯೇ ಅವರಿಗೆ ಇರುತ್ತಿರಲಿಲ್ಲ. ಅವರಿಗೆ ಹಿಂದಿರುಗಲು ಹೊಲಮನೆಯಿತ್ತು. ಕೇಂಬ್ರಿಡ್ಜ್‌ನಲ್ಲಿ ನಾಲ್ಕು ವರ್ಷ ಓದಿ ತುಂಬಿಸಿದ್ದ ಟಿಪ್ಪಣಿ ಪುಸ್ತಕಗಳಿದ್ದವು. ಏಕಾಂತವು ಫಲ ಕೊಟ್ಟದ್ದು ಇಷ್ಟೆಲ್ಲಾ ಆಸರೆಯ ಮೇಲೆ. ಆಸರೆಯಿಲ್ಲದ ವಿದ್ಯಾರ್ಥಿಗೆ ಅದೇ ಏಕಾಂತವು ವಿದ್ಯೆಯ ಕೊನೆಯೂ ಆಗಬಲ್ಲದು.

ವಿಟೆನ್‌ಬರ್ಗ್‌ನ ಚರಿತ್ರೆಗೆ ಮರಳಿದರೆ, ಅಲ್ಲಿಯೂ ಅನ್ನದ ಪ್ರಶ್ನೆಗೆ ಉತ್ತರ ಕೊಟ್ಟವರು ಕಾಣಿಸುತ್ತಾರೆ. ಕತರೀನಾ ಲೂಥರರು ಆ ಮಠದ ಮನೆಯಲ್ಲಿ ವಿದ್ಯಾರ್ಥಿಗಳಿಗೆ ಊಟ ವಸತಿಗಳನ್ನು ಒದಗಿಸುತ್ತಿದ್ದರು. 1546ರಲ್ಲಿ ಪತಿಯು ತೀರಿಕೊಂಡ ಮೇಲೆ ಅದೇ ಅವರ ಜೀವನಾಧಾರಗಳಲ್ಲಿ ಒಂದಾಯಿತು. 1535ರಲ್ಲಿ ಪ್ಲೇಗು ಮರಳಿ ಬಂದಾಗ ವಿದ್ಯಾಲಯವು ಪುನಃ ಯೇನಾಕ್ಕೆ ಹೋಯಿತು. 1552ರಲ್ಲಿ ಬಂದಾಗ ತೋರ್ಗೌ ಪಟ್ಟಣಕ್ಕೆ ಹೋಯಿತು. ಆ ಸಲ ಕತರೀನಾರೂ ಮಕ್ಕಳೊಡನೆ ತೋರ್ಗೌಗೆ ಹೊರಟರು. ದಾರಿಯಲ್ಲಿ ಗಾಡಿಯ ಅಪಘಾತದಿಂದ ಪೆಟ್ಟಾಗಿ, ಡಿಸೆಂಬರ್ 20ರಂದು ಅಲ್ಲಿಯೇ ಪ್ರಾಣ ಬಿಟ್ಟರು. ವಿಶ್ವವಿದ್ಯಾಲಯವು ಪ್ರಕಟಣೆ ಹೊರಡಿಸಿ ತನ್ನ ವಿದ್ಯಾರ್ಥಿಗಳನ್ನು ಅವರ ಅಂತ್ಯಕ್ರಿಯೆಗೆ ಕರೆಯಿತು. ವಿದ್ಯಾಲಯದ ಪಟ್ಟಿಯಲ್ಲಿ ಯಾವ ಹುದ್ದೆಯೂ ಇಲ್ಲದಿದ್ದ ಒಬ್ಬ ಸ್ತ್ರೀಗೆ ಅದು ಸಲ್ಲಿಸಿದ ಗೌರವವು, ಪೋಷಣೆಯೆಂಬುದು ಉಪನ್ಯಾಸದ ಕೊಠಡಿಯಲ್ಲಿ ಮಾತ್ರ ನಡೆಯುವುದಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ರೋರರರ ಟಿಪ್ಪಣಿಗಳ ಗತಿಯೂ ಗಮನಾರ್ಹವಾದದ್ದು. ರಾಜಕೀಯ ಕಾರಣಗಳಿಂದ ವಿಟೆನ್‌ಬರ್ಗ್ ಬೇರೊಬ್ಬ ಪ್ರಭುವಿನ ಪಾಲಾದ ಮೇಲೆ, ಹಿಂದಿನ ಪ್ರಭುವಿನ ಮನೆತನವು ಯೇನಾದಲ್ಲಿ 1548ರಲ್ಲಿ ವಿದ್ಯಾಶಾಲೆಯನ್ನು ತೆರೆಯಿತು. 1558ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ರೋರರರು ತಮ್ಮ ಕೊನೆಯ ವರ್ಷಗಳಲ್ಲಿ ಯೇನಾಕ್ಕೆ ಹೋಗಿ, ಲೂಥರರ ಗ್ರಂಥಗಳ ಪ್ರಕಟಣೆಯಲ್ಲಿ ದುಡಿದು, 1557ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಕೈಬರಹದ ದೊಡ್ಡ ಸಂಗ್ರಹವು ಇಂದಿಗೂ ಯೇನಾದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಹೋದವರಿಗೂ ಉಳಿದವರಿಗೂ ಅಂದು ಬೇರೆಬೇರೆಯಾಗಿ ದೊರೆತ ವಿದ್ಯೆಯು, ಒಬ್ಬನು ದುಃಖದ ನಡುವೆಯೂ ಬರೆಯುವುದನ್ನು ನಿಲ್ಲಿಸದೆ ಇದ್ದುದರಿಂದ, ಮುಂದಿನ ತಲೆಮಾರುಗಳೆಲ್ಲಕ್ಕೂ ಸಾಮಾನ್ಯ ಸೊತ್ತಾಯಿತು.

ಈ ಚರಿತ್ರೆಯು ನಮ್ಮ ದೇವಶಾಸ್ತ್ರದ ಕಾಲೇಜುಗಳಿಗೆ ಸಿದ್ಧ ಉತ್ತರಗಳನ್ನು ಕೊಡುವುದಿಲ್ಲ. ಆದರೆ ಮುಂಚಿತವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಕೊಡುತ್ತದೆ. ಬಾಗಿಲು ಮುಚ್ಚಬೇಕಾದ ದಿನ ಮನೆಗೆ ಹೋಗಲಾಗದ ವಿದ್ಯಾರ್ಥಿಗಳು ಯಾರು? ಅವರ ಬಳಿಯಲ್ಲಿ ಉಳಿಯುವ ಅಧ್ಯಾಪಕರು ಯಾರು? ಹೋಗುವವರ ಚೀಲದಲ್ಲಿ ಯಾವ ಪುಸ್ತಕಗಳು ಹೋಗಬೇಕು? ಊಟದ ವೆಚ್ಚವನ್ನು ಯಾರಿಗೆ, ಎಷ್ಟು ಕಾಲ ಕೊಡಬೇಕು? ಮನೆಯಲ್ಲಿ ವಿದ್ಯುತ್ತೂ ಫೋನಿನ ಸಂಪರ್ಕವೂ ದುರ್ಬಲವಾಗಿರುವ ವಿದ್ಯಾರ್ಥಿಗೆ ಪಾಠವನ್ನು ಬರಹದಲ್ಲಿ ಕಳುಹಿಸುವವರು ಯಾರು? ವ್ಯಾಧಿಯು ಬಂದ ಮೇಲೆ ಇವುಗಳನ್ನು ಚರ್ಚಿಸಲು ಕಾಲ ಸಾಲದು; 1527ರಲ್ಲಿ ವಿಟೆನ್‌ಬರ್ಗ್‌ಗೆ ದೊರೆತದ್ದು ಹದಿಮೂರು ದಿನಗಳು ಮಾತ್ರ. ವ್ಯಾಧಿಯಿಲ್ಲದ ವರ್ಷಗಳಲ್ಲಿ, ಆಡಳಿತ ಸಮಿತಿಗಳು ಶಾಂತವಾಗಿ ಕುಳಿತಿರುವಾಗಲೇ, ಹೆಸರುಗಳನ್ನೂ ಹಣವನ್ನೂ ಗೊತ್ತುಮಾಡಿ ಬರೆದಿಡುವುದು ಯೋಗ್ಯವೆಂದು ನಾವು ನಂಬುತ್ತೇವೆ.