ಮೊದಲು ನೀರು ನೋಡು

ಪನಂಪಿಳ್ಳಿ ನಗರದ ಆ ಫ್ಲ್ಯಾಟಿನ ಅಕ್ಕ ಪುತ್ತೂರಿನ ಕಡೆಯವರು. ಕೊಚ್ಚಿಗೆ ಬಂದು ನಲವತ್ತು ವರ್ಷವಾದರೂ ನನ್ನ ಹತ್ತಿರ ಮಾತಾಡುವಾಗ ಊರಿನ ಕನ್ನಡವೇ. ಮಗ ಕೊಡಿಸಿದ ಎರಡು ಬಾಗಿಲಿನ ಫ್ರಿಜ್ಜು. ಅದರೊಳಗೆ ತಾನಾಗಿ ಐಸು ಮಾಡಿ ಉದುರಿಸುವ ಐಸ್ ಮೇಕರ್.

“ಮೂರು ದಿನ ಆಯ್ತು ಮಾರಾಯ್ರೆ, ಒಂದು ತುಂಡು ಐಸು ಬೀಳಲಿಲ್ಲ. ಗ್ಯಾಸ್ ಹೋಗಿದೆ ಅಂತ ನಿನ್ನೆ ಬಂದ ಹುಡುಗ ಹೇಳಿ ಹೋದ.”

ಗ್ಯಾಸ್ ಹೋಗಿದೆ ಎನ್ನುವುದು ನಮ್ಮ ಕಸುಬಿನಲ್ಲಿ ಮಂತ್ರವಾದಿಗೆ ಗಾಳಿ ಸೋಂಕು ಇದ್ದ ಹಾಗೆ. ಏನೂ ಗೊತ್ತಾಗದಿದ್ದರೆ ಅದನ್ನು ಹೇಳಬಹುದು, ಕಾಸೂ ಕೇಳಬಹುದು. “ಐಸ್‌ಕ್ರೀಮು ಗಟ್ಟಿ ಉಂಟಾ ಅಕ್ಕ?” ಎಂದೆ. “ಕಲ್ಲಿನ ಹಾಗೆ ಉಂಟು” ಎಂದರು. ಹಾಗಾದರೆ ಗ್ಯಾಸಿನ ಮಾತೇ ಬೇಡ. ನಾನು ಫ್ರಿಜ್ಜು ಮುಟ್ಟದೆ ಅಡುಗೆಮನೆಯ ನಲ್ಲಿ ತಿರುಗಿಸಿದೆ. ನೀರು ಸಣ್ಣಗೆ, ಕೆಮ್ಮಿ ಕೆಮ್ಮಿ ಬಂತು.

ಇದು ನಾನು ಕಂಡುಹಿಡಿದ ಜಾಣತನವಲ್ಲ. 1979ರಲ್ಲಿ ಕುಂಬಳೆಯಿಂದ ಬಂದು ತೋಪ್ಪುಂಪಡಿಯ ಒಂದು ಐಸ್ ಪ್ಲಾಂಟಿಗೆ ಸೇರಿದಾಗ ಆಶಾನ್ ಕಲಿಸಿದ ಮೊದಲ ಪಾಠ. ಕೆಲಸ ಹೇಳಿಕೊಡುವ ಗುರುವಿಗೆ ಇಲ್ಲಿ ಆಶಾನ್ ಅನ್ನುತ್ತಾರೆ. ನನಗೆ ಮಲಯಾಳ ಅರ್ಧಂಬರ್ಧ, ಅವರಿಗೆ ಕನ್ನಡ ಸೊನ್ನೆ. “ಆದ್ಯಂ ವೆಳ್ಳಂ ನೋಕ್ಕ್, ಮೋನೇ.” ಮೊದಲು ನೀರು ನೋಡು ಮಗನೇ. ಆಮೇಲೆ ಉಪ್ಪು, ಆಮೇಲೆ ಕರೆಂಟು. ಅಮೋನಿಯಾವನ್ನು ಕೊನೆಗೆ ಮುಟ್ಟು. ನಲವತ್ತೈದು ವರ್ಷ ಇದೇ ಕೆಲಸದಲ್ಲಿ ಬೆರಳು ಮರಗಟ್ಟಿಸಿಕೊಂಡ ಮೇಲೆ ನನಗೆ ಅನ್ನಿಸುವುದು, ಈ ಊರಿನ ಐಸಿನ ಚರಿತ್ರೆಯನ್ನೂ ಅದೇ ಕ್ರಮದಲ್ಲಿ ಓದಬೇಕು ಎಂದು.

ಐಸಿನ ಕಥೆ ಹೇಳುವವರೆಲ್ಲ ಅಮೆರಿಕದಿಂದ ಶುರು ಮಾಡುತ್ತಾರೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರಲ್ಲಿ ಕೆರೆಯ ಮಂಜುಗಡ್ಡೆ ಕೊಯ್ದು ‘ಟಸ್ಕನಿ’ ಹಡಗಿಗೆ 180 ಟನ್ ತುಂಬಿಸಿದ. ನಾಲ್ಕು ತಿಂಗಳ ಮೇಲೆ ಕಲ್ಕತ್ತ ತಲುಪಿದಾಗ 100 ಟನ್ ಉಳಿದಿತ್ತು. ಮರದ ಹುಡಿ ಸುತ್ತ ತುಂಬಿದ್ದೇ ಗುಟ್ಟು. ಅದಕ್ಕೆಂದೇ ಕಲ್ಕತ್ತ, ಮದ್ರಾಸು, ಬೊಂಬಾಯಿಗಳಲ್ಲಿ ಐಸ್ ಹೌಸುಗಳು ಎದ್ದವು. ಮದ್ರಾಸಿನ ಕಡಲ ದಂಡೆಯದು 1842ರದ್ದು, 1897ರಲ್ಲಿ ವಿವೇಕಾನಂದರು ಉಳಿದುಕೊಂಡ ಮನೆಯೂ ಅದೇ. 1878ರಲ್ಲಿ ಕಲ್ಕತ್ತದಲ್ಲಿ ಬಂಗಾಳ ಐಸ್ ಕಂಪನಿ ಯಂತ್ರದಲ್ಲೇ ಐಸು ಮಾಡತೊಡಗಿದ ಮೇಲೆ ಹಡಗಿನ ಐಸು ಕರಗಿಹೋಯಿತು. ಇದೆಲ್ಲ ದೊರೆಗಳ ಗ್ಲಾಸಿನ ಕಥೆ. ನಮ್ಮ ಕಡಲತಡಿಯ ಐಸು ಗ್ಲಾಸಿಗೆ ಬಂದದ್ದಲ್ಲ, ಸಿಗಡಿಗಾಗಿ ಬಂದದ್ದು.

ಅದಕ್ಕೂ ಮೊದಲು ನೀರು. ಸುತ್ತ ಹಿನ್ನೀರೇ ತುಂಬಿದ ಕೊಚ್ಚಿಯಲ್ಲಿ ಕುಡಿಯುವ ನೀರಿಗೆ ಗತಿಯಿರಲಿಲ್ಲ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗೆ ಪೆರಿಯಾರಿನ ಸಿಹಿನೀರು ಆಲುವಾದಿಂದ ದೋಣಿಯಲ್ಲಿ ಬರುತ್ತಿತ್ತು. ಚೊವ್ವರದಲ್ಲಿ ಪಂಪು ಕೂತು ಎರ್ನಾಕುಳಂಗೆ ಪೈಪಿನ ನೀರು ಬಂದದ್ದು 1914ರಲ್ಲಿ. ತಿರುವನಂತಪುರ ಇನ್ನೂ ಕಾಯಿತು: ಕರಮನ ಹೊಳೆಯ ಅರುವಿಕ್ಕರದಿಂದ ನೀರು ತರುವ ವಿಲ್ಲಿಂಗ್ಡನ್ ವಾಟರ್ ವರ್ಕ್ಸ್ ಶುರುವಾದದ್ದು 1933ರಲ್ಲಿ. ಕರೆಂಟು ಅಲ್ಲಿಗೆ 1929ರಲ್ಲೇ ಬಂದಿತ್ತು. ದೊಡ್ಡ ಪ್ರಮಾಣದ ಕರೆಂಟು ಮಾತ್ರ 1940ರಲ್ಲಿ ಮುನ್ನಾರಿನ ಕೆಳಗೆ ಪಳ್ಳಿವಾಸಲ್ ಓಡತೊಡಗಿದ ಮೇಲೆ. ಇಷ್ಟೆಲ್ಲ ಆಗದೆ ಯಾವ ಬಂಡವಾಳಗಾರ ತಾನೇ ಐಸ್ ಪ್ಲಾಂಟು ಹಾಕಿಯಾನು?

ನಮ್ಮ ಕಡೆ ಬೂತಾಯಿ ಮೀನು ರಾಶಿ ಬಿದ್ದರೆ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಸಿಗಡಿಗೆ ಇಲ್ಲಿ ಸಿಕ್ಕಿದ ಮರ್ಯಾದೆಯೂ ಅದಕ್ಕಿಂತ ಹೆಚ್ಚಿರಲಿಲ್ಲ. ಒಣಗಿಸಿದ್ದು ಬರ್ಮಾಕ್ಕೆ ಹಡಗು ಹತ್ತುತ್ತಿತ್ತು. ಯುದ್ಧ ಬಂದು ಆ ದಾರಿ ಕೆಟ್ಟಿತು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಒಪ್ಪಂದ ಮಾಡಿಕೊಂಡವು; ಮರುವರ್ಷ ಕೊಲ್ಲಂ ಪಕ್ಕದ ನೀಂಡಕರ, ಶಕ್ತಿಕುಳಂಗರಗಳಲ್ಲಿ ಇಂಡೋ ನಾರ್ವೀಜಿಯನ್ ಪ್ರಾಜೆಕ್ಟ್ ಕೆಲಸ ಶುರುಮಾಡಿತು. ಯಂತ್ರದ ದೋಣಿ, ಐಸ್ ಪ್ಲಾಂಟು, ಮೀನು ಸಾಗಿಸುವ ತಂಪು ವ್ಯಾನುಗಳಷ್ಟೇ ಅಲ್ಲ, ಊರಿಗೆ ಆಸ್ಪತ್ರೆ ಮತ್ತು ನಲ್ಲಿ ನೀರೂ ಅದೇ ಯೋಜನೆಯಲ್ಲಿ. ಬಡವರಿಗೆ ಒಳ್ಳೆಯ ಮೀನು ಸಿಗಲಿ ಎಂಬುದು ಮೂಲ ಉದ್ದೇಶ. ಆದರೆ 1953ರಲ್ಲೇ ಕೊಚ್ಚಿನ್ ಕಂಪನಿಯ ಮಾಧವನ್ ನಾಯರ್ ಕೊಚ್ಚಿಯಿಂದ ಘನೀಕರಿಸಿದ ಸಿಗಡಿಯನ್ನು ಅಮೆರಿಕಕ್ಕೆ ಕಳಿಸಿದ್ದರು. ಐಸು ಬಂದ ದಿಕ್ಕಿಗೇ ಸಿಗಡಿ ಹೊರಟಿತು! ಡಾಲರಿನ ರುಚಿ ಹತ್ತಿದ ಮೇಲೆ ಬಡವರ ಮೀನಿನ ಮಾತು ಹಿಂದೆ ಬಿತ್ತು. ತಕಳಿಯವರ ‘ಚೆಮ್ಮೀನ್’ ಕಾದಂಬರಿ ಬಂದದ್ದು 1956ರಲ್ಲಿ. ಚೆಮ್ಮೀನ್ ಎಂದರೆ ಸಿಗಡಿಯೇ. ಕಾದಂಬರಿ ಬರುವ ಹೊತ್ತಿಗೆ ಸಿಗಡಿ ಗೊಬ್ಬರದ ಗುಂಪಿನಿಂದ ಚಿನ್ನದ ಗುಂಪಿಗೆ ಏರತೊಡಗಿತ್ತು. ಮೀನಿನ ತಂತ್ರಜ್ಞಾನದ ಕೇಂದ್ರ ಸಂಸ್ಥೆ ಕೊಚ್ಚಿಗೆ 1957ರಲ್ಲಿ ಬಂತು, ರಫ್ತಿನ ಮಂಡಳಿ 1972ರಲ್ಲಿ, ತೋಪ್ಪುಂಪಡಿಯ ಮೀನು ಬಂದರು 1978ರಲ್ಲಿ. ಅದರ ಬೆನ್ನಿಗೇ ನಾನು.

ಪ್ಲಾಂಟಿನ ಒಳಗೆ ಮರದ ಹಲಗೆಯ ನೆಲ. ಹಲಗೆ ಎತ್ತಿದರೆ ಕೆಳಗೆ ಉಪ್ಪುನೀರಿನ ದೊಡ್ಡ ಟ್ಯಾಂಕು, ಅದರಲ್ಲಿ ಸಾಲುಸಾಲು ತಗಡಿನ ಕ್ಯಾನುಗಳು, ಕ್ಯಾನಿನೊಳಗೆ ಸಿಹಿನೀರು. ಅಮೋನಿಯಾ ಕೊಳವೆಗಳಲ್ಲಿ ಹರಿಯುತ್ತ ಉಪ್ಪುನೀರನ್ನು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇಳಿಸುತ್ತದೆ; ಉಪ್ಪಿರುವುದರಿಂದ ಅದು ಹೆಪ್ಪುಗಟ್ಟುವುದಿಲ್ಲ, ಕ್ಯಾನಿನ ನೀರು ಹೆಪ್ಪುಗಟ್ಟುತ್ತದೆ. ಐವತ್ತು ಕಿಲೋದ ಗಡ್ಡೆಗೆ ಹೆಚ್ಚುಕಮ್ಮಿ ಒಂದು ದಿನ ಬೇಕು. ಅವಸರ ಮಾಡಿದರೆ ನಡುವೆ ಟೊಳ್ಳು.

ಒಂದು ಕ್ಯಾನು ಎರಡು ದಿನವಾದರೂ ಗಟ್ಟಿಯಾಗದಿದ್ದರೆ ಆಶಾನ್ ಮೀಟರು ನೋಡುತ್ತಿರಲಿಲ್ಲ. ಬೆರಳದ್ದಿ ನಾಲಿಗೆಗೆ ಹಚ್ಚುತ್ತಿದ್ದರು. ಉಪ್ಪು ಹತ್ತಿದರೆ ಕ್ಯಾನು ತೂತು, ಟ್ಯಾಂಕಿನ ಉಪ್ಪುನೀರು ಒಳಗೆ ನುಗ್ಗಿದೆ. ಎಲ್ಲ ಕ್ಯಾನೂ ಉಪ್ಪಾದರೆ ತಪ್ಪು ಟ್ಯಾಂಕರ್ ಲಾರಿಯದ್ದು. ಬೇಸಗೆಯಲ್ಲಿ ಕಡಲು ಪೆರಿಯಾರಿನೊಳಗೆ ಏರಿ ಬರುತ್ತದೆ, ಅದನ್ನು ತಡೆಯಲು ಪಾತಾಳಂನಲ್ಲಿ ಅಡ್ಡಗಟ್ಟೆ ಉಂಟು. ತಡೆದರೂ ತಡೆಯದಿದ್ದರೂ ಮೊದಲು ಗೊತ್ತಾಗುವುದು ಐಸು ಮಾಡುವವನ ನಾಲಿಗೆಗೆ. ಅಮೋನಿಯಾ ಸೋರಿದರೆ ಗಂಧಕದ ಬತ್ತಿ ಹಚ್ಚಿ ಕೊಳವೆಯುದ್ದಕ್ಕೂ ಹಿಡಿಯಬೇಕು, ಸೋರುವಲ್ಲಿ ಬೆಳ್ಳಗೆ ಹೊಗೆಯಾಡುತ್ತದೆ. ಒದ್ದೆ ತೋರ್ತು ಮುಖಕ್ಕೆ ಸುತ್ತಿಕೊಂಡು ಆ ಕೆಲಸ ಮಾಡಿದ ರಾತ್ರಿಗಳು ನೆನಪಾದರೆ ಈಗಲೂ ಕಣ್ಣು ಉರಿಯುತ್ತದೆ.

ಎರಡು ವರ್ಷ ವಿಳಿಂಜಂ ಹತ್ತಿರದ ಪ್ಲಾಂಟಿಗೂ ಹೋಗಿದ್ದೆ. ಊರಿನಲ್ಲಿ ಅಜ್ಜಿಗೆ ಎಲ್ಲಿಲ್ಲದ ಹೆಮ್ಮೆ. ತಿರುವನಂತಪುರದ ಪದ್ಮನಾಭಸ್ವಾಮಿಗೆ ಪೂಜೆ ಮಾಡುವ ನಂಬಿಗಳು ನಮ್ಮ ತುಳುನಾಡಿನ ಮನೆತನದವರು. ಮೊಮ್ಮಗನೂ ಹಾಗೇ ಏನೋ ದೇವರ ಕೆಲಸಕ್ಕೆ ಹೋಗಿದ್ದಾನೆ ಎಂದು ಪಾಪ ಅವಳು ಎಣಿಸಿದ್ದಳು. ನಾನು ಅಲ್ಲಿ ಬೆಳಗ್ಗೆ ನಾಲ್ಕಕ್ಕೆ ಮೀನು ಮಾರುವ ಚೇಚಿಯರ ಅಲ್ಯೂಮಿನಿಯಂ ಪಾತ್ರೆಗೆ ಐಸಿನ ಹುಡಿ ಸುರಿಯುತ್ತಿದ್ದೆ.

ಫ್ರಿಜ್ಜಿನ ಕೆಲಸ ಕಲಿತದ್ದು ಸರಕಾರದ ದಯೆಯಿಂದ ಎನ್ನಬೇಕು. 1988ರಿಂದ ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು. ಈಗ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ, 52 ದಿನ. ಬೋಟು ನಿಂತರೆ ಐಸು ಯಾರಿಗೆ? ಕ್ಯಾನುಗಳನ್ನು ಬೋರಲು ಹಾಕಿ ನಮ್ಮನ್ನು ಮನೆಗೆ ಕಳಿಸುತ್ತಿದ್ದರು. ಆ ದಿನಗಳಲ್ಲಿ ಚೀಲ ಹೆಗಲಿಗೇರಿಸಿ ಎರ್ನಾಕುಳಂನ ಮನೆಮನೆಗೆ ಹೋಗತೊಡಗಿದೆ. 1997ರಲ್ಲಿ ಯೂರೋಪಿನವರು ನಮ್ಮ ಮೀನು ಬೇಡ ಎಂದು ಕೆಲವು ತಿಂಗಳು ಬಾಗಿಲು ಹಾಕಿದಾಗ ಶುಚಿತ್ವದ ತಪಾಸಣೆ ಜೋರಾಯಿತು. ಪ್ಲಾಂಟಿಗೆ ಬಂದ ಸಾಹೇಬರು ಮೊದಲು ಕೇಳಿದ್ದು “ಐಸಿಗೆ ಯಾವ ನೀರು?” ಎಂದು. ಆಶಾನ್ ನನ್ನ ಕಡೆ ನೋಡಿ ಮೀಸೆಯಡಿ ನಕ್ಕರು.

ಅಕ್ಕನ ಫ್ರಿಜ್ಜಿಗೆ ಬರೋಣ. ಐಸ್ ಮೇಕರ್ ಎಂದರೆ ಅದೇ ಪ್ಲಾಂಟು, ಬೊಗಸೆಯಷ್ಟು. ಹಿಂದಿನ ವಾಲ್ವು ಕೆಲವು ಸೆಕೆಂಡು ತೆರೆದು ಅಚ್ಚಿಗೆ ನೀರು ಬಿಡುತ್ತದೆ. ಅದು ಸಾಕಷ್ಟು ತಣ್ಣಗಾದ ಮೇಲೆ ಅಡಿಯ ಹೀಟರು ಸ್ವಲ್ಪ ಬಿಸಿಯಾಗಿ ಗಡ್ಡೆ ಬಿಡಿಸುತ್ತದೆ, ಒಂದು ಕಡ್ಡಿ ತಿರುಗಿ ಕೆಳಗಿನ ಡಬ್ಬಿಗೆ ತಳ್ಳುತ್ತದೆ. ಡಬ್ಬಿ ತುಂಬಿದಾಗ ನಿಲ್ಲಿಸಲು ಒಂದು ತಂತಿಯ ಕೈ ಇದೆ. ಅರ್ಧಕ್ಕರ್ಧ ಮನೆಗಳಲ್ಲಿ ಯಾರೋ ಐಸ್‌ಕ್ರೀಮು ಇಡುವಾಗ ಆ ಕೈ ಮೇಲಕ್ಕೆ ಸಿಕ್ಕಿಕೊಂಡಿರುತ್ತದೆ, ಅಷ್ಟೇ ರೋಗ. ಇಲ್ಲಿ ಕೈ ಕೆಳಗೇ ಇತ್ತು.

“ಟೆರೇಸಿನ ಟ್ಯಾಂಕು ತೊಳೆಸಿದ್ದೀರಾ?”

“ಹೋದ ಭಾನುವಾರ ತೊಳೆಸಿದ್ದಾರೆ. ಯಾಕೆ?”

ಟ್ಯಾಂಕಿನ ಕೆಸರು ಕದಡಿ ಫಿಲ್ಟರು ಕಟ್ಟಿತ್ತು. ನೀರಿನ ಒತ್ತಡ ಇಳಿದರೆ ವಾಲ್ವು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ನೀರು ಅಚ್ಚಿಗೆ ಬೀಳುವ ಮೊದಲೇ ಕೊಳವೆಯ ಬಾಯಲ್ಲಿ ಹೆಪ್ಪುಗಟ್ಟಿ ಬಿರಡೆಯಾಗುತ್ತದೆ. ಐಸೇ ಐಸಿಗೆ ಅಡ್ಡ. ಫ್ರಿಜ್ಜಿನ ಪ್ಲಗ್ ಕಿತ್ತು, ಅಕ್ಕನ ಕೂದಲು ಒಣಗಿಸುವ ಯಂತ್ರ ಕೇಳಿ ತೆಗೆದುಕೊಂಡು ಕೊಳವೆಗೆ ದೂರದಿಂದ ಬಿಸಿಗಾಳಿ ಹಿಡಿದೆ. ಹತ್ತು ನಿಮಿಷದಲ್ಲಿ ಬೆರಳುದ್ದದ ಐಸಿನ ಕಡ್ಡಿ ಜಾರಿ ಬಂತು. ಫಿಲ್ಟರು ಬದಲಿಸಿದೆ, ವಾಲ್ವಿನ ಜಾಲರಿ ತೊಳೆದೆ.

“ಈಗಲೇ ಬೀಳ್ತದಾ?”

“ನಾಳೆಯವರೆಗೆ ಬಿಡಿ ಅಕ್ಕ. ಮೊದಲು ಬಿದ್ದದ್ದನ್ನು ಕುಡಿಯಲಿಕ್ಕೆ ಹಾಕಬೇಡಿ, ಚೆಲ್ಲಿ.”

ಮರುದಿನ ಅದೇ ದಾರಿಯಲ್ಲಿ ಕೆಲಸವಿತ್ತು, ಹತ್ತಿ ನೋಡಿದೆ. ಸಿಂಕಿನಲ್ಲಿ ಚೆಲ್ಲಲು ಇಟ್ಟಿದ್ದ ಐಸಿನಿಂದ ಒಂದು ತುಂಡು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ನಡುವೆ ಬೆಳ್ಳಗೆ ಮೋಡದ ಹಾಗೆ. ಪ್ಲಾಂಟಿನಲ್ಲಾದರೆ ಗಾಳಿ ಊದಿ ನೀರು ಅಲುಗಾಡಿಸುತ್ತಿದ್ದೆವು, ಕೊಳೆಯೆಲ್ಲ ನಡುವಿಗೆ ಸೇರಿದ ಮೇಲೆ ಆ ನೀರು ಹೀರಿ ತೆಗೆದು ಹೊಸ ನೀರು ತುಂಬುತ್ತಿದ್ದೆವು. ಆಗ ಗಡ್ಡೆಯ ಆಚೆ ನಿಂತವನ ಮುಖ ಕಾಣುತ್ತಿತ್ತು. ತುಂಡನ್ನು ಬಾಯಿಗೆ ಹಾಕಿಕೊಂಡೆ.

“ಅಯ್ಯೋ, ಚೆಲ್ಲಬೇಕು ಅಂತ ನೀವೇ ಹೇಳಿದ್ದಲ್ವಾ!” ಎಂದು ಅಕ್ಕ ಕೂಗಿದರು.

ಉಪ್ಪು ಇರಲಿಲ್ಲ.