ತವರು, ತೊಟ್ಟಿಲು, ಆಪರೇಷನ್: ಮರಾಠವಾಡದ ಗಡಿಯಲ್ಲಿ ಕುಟುಂಬ ಯೋಜನೆಯ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಕುಟುಂಬ ಯೋಜನೆ ಮತ್ತು ಸಂಸ್ಕೃತಿ ಅಂದ ಕೂಡಲೇ ನಮ್ಮ ಅಧ್ಯಯನಗಳು ಒಂದೇ ದಾರಿ ಹಿಡೀತವೆ. ನೈಜೀರಿಯಾದ ಬೋರ್ನೊ ಪ್ರಾಂತದ ಕನೂರಿ ಜನರ ಬಗ್ಗೆ ಬರೆದರೂ ಅಷ್ಟೇ, ನಮ್ಮ ಹಳ್ಳಿಗಳ ಬಗ್ಗೆ ಬರೆದರೂ ಅಷ್ಟೇ: ಸರಕಾರ ಮುಂದಕ್ಕೆ ಎಳೀತದೆ, ಸಂಸ್ಕೃತಿ ಹಿಂದಕ್ಕೆ ಜಗ್ತದೆ. ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಮಟ್ಟಿಗೆ ಈ ಚಿತ್ರ ಸರಿಹೊಂದೋದಿಲ್ಲ ಅನ್ನೋದೇ ಇವತ್ತಿನ ನನ್ನ ವಾದ. ಇಲ್ಲಿ ಸಂಸ್ಕೃತಿ ಆಪರೇಷನ್ನನ್ನು ತಡೆಯಲಿಲ್ಲ. ಯಾರಿಗೆ ಆಗಬೇಕು, ಯಾವಾಗ ಆಗಬೇಕು, ಯಾರ ಮನೆಯಲ್ಲಿದ್ದಾಗ ಆಗಬೇಕು ಅನ್ನೋದನ್ನು ಅದು ಗೊತ್ತುಮಾಡಿತು.

ಮೊದಲು ನಕಾಶೆ ನೋಡೋಣ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ಎರಡೂ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲ್ಲೂಕುಗಳು. ಉಮರ್ಗಾ ಉಸ್ಮಾನಾಬಾದಿನದು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ, ಭಾಲ್ಕಿ, ಹುಮನಾಬಾದ ಮೈಸೂರಿಗೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಗಡಿ ಬಂದದ್ದು ಕಾಗದದ ಮೇಲೆ. ಬೀಗತನ ನಿಲ್ಲಲಿಲ್ಲ. ಭಾಲ್ಕಿ ಕಡೆಯ ಮಗಳನ್ನು ಉದಗೀರಕ್ಕೆ ಕೊಡೋದು, ಆಳಂದದ ಕಡೆಯಿಂದ ಉಮರ್ಗಾಕ್ಕೆ ಸೊಸೆ ತರೋದು ಇವತ್ತಿಗೂ ಇದೆ.

ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆಯ ಗ್ರಂಥದಲ್ಲಿ ಕರ್ನಾಟಕವನ್ನು ದಕ್ಷಿಣ ವಲಯದಲ್ಲಿ, ಮಹಾರಾಷ್ಟ್ರವನ್ನು ಮಧ್ಯ ವಲಯದಲ್ಲಿ ಇಟ್ಟರು. ಆ ಎರಡು ವಲಯ ಕೂಡೋ ಜಾಗವೇ ಈ ಮೂರು ತಾಲ್ಲೂಕು. ಸೋದರಮಾವನಿಗೆ ಮಗಳನ್ನು ಕೊಡೋ ಮನೆಯೂ ಇಲ್ಲಿದೆ, ಅದನ್ನು ಒಪ್ಪದ ಮನೆಯೂ ಇದೆ. ಒಂದು ಸಣ್ಣ ಅಡ್ಡಮಾತು: ಈ ಇರಾವತಿಯವರ ಭಾವನವರೇ ರ. ಧೋ. ಕರ್ವೆ. 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದವರು, 1927ರಿಂದ ‘ಸಮಾಜಸ್ವಾಸ್ಥ್ಯ’ ಮಾಸಿಕ ನಡೆಸಿ ಕೋರ್ಟು ಹತ್ತಿದವರು. ಬಂಧುತ್ವದ ಪಾಂಡಿತ್ಯ, ಸಂತಾನ ನಿಯಂತ್ರಣದ ಹೋರಾಟ ಎರಡೂ ಒಂದೇ ಮನೆತನದಲ್ಲಿದ್ದವು. ನಮ್ಮ ಸಂಶೋಧನೆಯಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ವಿಭಾಗದ ಕೆಲಸ. ಮೈಸೂರು ಸರಕಾರ 1930ರಲ್ಲಿ ತನ್ನ ಆಸ್ಪತ್ರೆಗಳಲ್ಲೇ ಇಂಥ ಕೇಂದ್ರ ತೆರೆಯಿತು. ಆಗ ನಮ್ಮ ಮೂರೂ ತಾಲ್ಲೂಕು ನಿಜಾಮರ ಕೈಯಲ್ಲಿದ್ದವು.

ಈಗ ತವರಿಗೆ ಬರೋಣ. ಏಳನೇ ತಿಂಗಳಲ್ಲಿ ಕುಬುಸ, ಆಮೇಲೆ ಹೆರಿಗೆಗೆ ತವರು, ಬಾಣಂತನ ತಾಯಿಯ ಕೈಯಲ್ಲಿ. ಐದನೆಯ ರಾತ್ರಿ ಸಟವಿ ಬಂದು ಹಣೆಬರಹ ಬರೀತಾಳೆ ಅನ್ನೋ ನಂಬಿಕೆ ಕನ್ನಡ ಮನೆಯಲ್ಲೂ ಇದೆ, ಮರಾಠಿ ಮನೆಯಲ್ಲೂ ಇದೆ; ಅಲ್ಲಿ ಆಕೆ ಸಟವಾಯಿ. ಎರಡನೇ ಅಥವಾ ಮೂರನೇ ಬಾಣಂತನಕ್ಕೆ ಬಂದಾಗಲೇ ಆಪರೇಷನ್ನೂ ಮುಗಿಸಿ ಕಳಿಸೋ ರೂಢಿ ಈ ಭಾಗದಲ್ಲಿ ಬೆಳೆಯಿತು. ಕಾರಣ ಸರಳ. ಅತ್ತೆ ಮನೆಯಲ್ಲಿ ಹೊಲಿಗೆ ಒಣಗೋ ಮೊದಲೇ ಕೊಡ ಎತ್ತಬೇಕಾಗ್ತದೆ. ತಾಯಿ ಹತ್ತಿರ ಇದ್ದರೆ ನಾಲ್ಕು ದಿನ ಹೆಚ್ಚಿಗೆ ಮಲಗಬಹುದು. ಆದರೆ ತೀರ್ಮಾನ ತವರಿನದಲ್ಲ. ಗಂಡನ ಮನೆಯಿಂದ ‘ಹೂಂ’ ಬರಬೇಕು, ಆ ಹೂಂ ಬರೋದು ಗಂಡು ಕೂಸು ತೊಟ್ಟಿಲಿಗೆ ಬಿದ್ದ ಮೇಲೆ. ಕಾನೂನು ಪ್ರಕಾರ ಗಂಡನ ಒಪ್ಪಿಗೆ ಬೇಕಾಗಿಲ್ಲ ಅನ್ನೋದು ಬೇರೆ ಮಾತು.

ಇನ್ನೊಂದು ಲಜ್ಜೆಯ ಲೆಕ್ಕ ಇದೆ. ಮನೆಗೆ ಸೊಸೆ ಬಂದ ಮೇಲೆ ಅತ್ತೆ ಬಸುರಾಗಬಾರದು. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡಿದ ಕಾಲ್ಡ್‌ವೆಲ್ ದಂಪತಿ ಮತ್ತು ಪಿ. ಎಚ್. ರೆಡ್ಡಿ ಅವರ ಪುಸ್ತಕ 1988ರಲ್ಲಿ ಬಂತು. ಜನಸಂಖ್ಯೆಯ ಬದಲಾವಣೆಗೆ ಕಾರಣಗಳನ್ನು ಅವರು ಮನೆಯೊಳಗೇ ಹುಡುಕಿದರು. ಮಗಳ ಮದುವೆ ಹದಿನಾರಕ್ಕೇ ಆಗೋ ಮನೆಯಲ್ಲಿ ತಾಯಿಗೆ ಮೂವತ್ತೈದರೊಳಗೆ ಹೆರಿಗೆ ಮುಗಿಸೋ ಒತ್ತಡ. ಅಂದರೆ ನಾವು ಹಿಂದುಳಿದದ್ದು ಅನ್ನೋ ಬಾಲ್ಯವಿವಾಹವೇ ಸರಕಾರದ ಗುರಿಗೂ ಕೆಲಸಕ್ಕೆ ಬಂತು.

ಭಾಷೆಯಲ್ಲೂ ಇದನ್ನು ಓದಬಹುದು. ಕರ್ನಾಟಕದಲ್ಲಿ ‘ಕುಟುಂಬ ಯೋಜನೆ’, ಗಡಿಯಾಚೆ ಕನ್ನಡದವರ ಬಾಯಲ್ಲೂ ಮರಾಠಿಯ ‘ನಿಯೋಜನ’, ಕಾಪರ್-ಟಿಗೆ ‘ತಾಂಬಿ’. ಎಲ್ಲರೂ ಆಡೋ ಮಾತು ಮಾತ್ರ ‘ಆಪರೇಷನ್’. ಕನ್ನಡದ ಜನಪ್ರಿಯ ಘೋಷಣೆ ನೋಡಿ: ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ. ಎರಡು ಸಾಕು ಅಂತ ಹೇಳೋ ಭರದಲ್ಲಿ, ಎರಡರಲ್ಲಿ ಒಂದು ಗಂಡಾಗಲೇಬೇಕು ಅಂತ ಒಪ್ಪಿಕೊಂಡುಬಿಟ್ಟಿತು. ಎರಡೂ ಹೆಣ್ಣಾದರೆ ಏನು ಅನ್ನೋದಕ್ಕೆ ಉತ್ತರ ಹೆಸರುಗಳಲ್ಲಿದೆ. ಈ ಕಡೆ ಸಾಕವ್ವ, ಆ ಕಡೆ ನಕುಶಾ, ಅಂದರೆ ಬೇಡವಾದವಳು. ಸಾಕವ್ವ ಅನ್ನೋ ಹೆಸರೆಲ್ಲ ಹಾಗೇ ಬಂದದ್ದು ಅಂತಲ್ಲ, ‘ಸಾಕು’ಗೆ ಸಲಹು ಅನ್ನೋ ಅರ್ಥವೂ ಇದೆ. ಆದರೆ ನಕುಶಾದಲ್ಲಿ ಎರಡನೇ ಅರ್ಥವಿಲ್ಲ. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಇಂಥ 285 ಹುಡುಗಿಯರಿಗೆ ಹೊಸ ಹೆಸರಿಟ್ಟರು.

ಗಂಡಸರು ಎಲ್ಲಿ ಹೋದರು? ಒಂದು ಕಾಲಕ್ಕೆ ಗಂಡಸರೇ ಮುಂದಿದ್ದರು. 1960ರ ದಶಕದಲ್ಲಿ ಮುಂಬಯಿಯ ರೈಲು ನಿಲ್ದಾಣಗಳಲ್ಲೇ ವ್ಯಾಸೆಕ್ಟಮಿ ನಡೀತಿತ್ತು. ಆಮೇಲೆ ತುರ್ತು ಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಶಕ್ತಿಹರಣ, ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಮಹಾರಾಷ್ಟ್ರದ ಶಾಸನಸಭೆ ಕಡ್ಡಾಯ ಮಾಡೋ ಮಸೂದೆಯನ್ನೇ 1976ರಲ್ಲಿ ಒಪ್ಪಿತು; ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ, ಅದು ಕಾನೂನಾಗಲಿಲ್ಲ. ಈ ಭಾಗದ ಮುಸ್ಲಿಮರಿಗೆ 1948ರ ಪೊಲೀಸ್ ಕಾರ್ಯಾಚರಣೆಯ ನಂತರದ ಹತ್ಯೆಗಳ ನೆನಪು ಇನ್ನೂ ಹಸಿಯಿತ್ತು. ಸುಂದರಲಾಲ್ ಸಮಿತಿ ಹೆಚ್ಚು ನಲುಗಿದವೆಂದು ಹೇಳಿದ ಜಿಲ್ಲೆಗಳಲ್ಲಿ ಉಸ್ಮಾನಾಬಾದ, ಬೀದರ ಎರಡೂ ಇವೆ. ಸರಕಾರಿ ಜೀಪಿನ ಸದ್ದು ಅವರಿಗೆ ಬೇರೆಯವರಿಗೆ ಕೇಳಿಸಿದ ಹಾಗೆ ಕೇಳಿಸಿರಲಾರದು. ಇದು ನನ್ನ ಊಹೆ, ಊಹೆ ಅಂತಲೇ ತಗೊಳ್ಳಿ. 1977ರ ನಂತರ ಯಾವ ಸರಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ‘ದುಡಿಯೋ ಗಂಡಸಿಗೆ ಕತ್ತರಿ ಬ್ಯಾಡ’ ಅನ್ನೋ ಮನೆಯ ಮಾತೂ ಸರಕಾರದ ಭಯವೂ ಒಂದಾದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ನೋಡಿ: ಮಹಾರಾಷ್ಟ್ರದ ವಿವಾಹಿತ ಹೆಂಗಸರಲ್ಲಿ ಶೇ. 49ರಷ್ಟು, ಕರ್ನಾಟಕದಲ್ಲಿ ಶೇ. 57ರಷ್ಟು ಆಪರೇಷನ್ ಆದವರು. ಗಂಡಸರ ಪಾಲು ಎರಡೂ ಕಡೆ ಶೇ. 1ಕ್ಕಿಂತ ಕಡಿಮೆ.

ಆಪರೇಷನ್ ಅಂದರೆ ಬಾಗಿಲು ಹಾಕಿದ ಹಾಗೆ. ಅದರ ಬೆಲೆ ಗೊತ್ತಾಗಿದ್ದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆ ಹೊಡೆಯೋ ಮೊದಲು. ಗಣಪತಿ ಕಳಿಸಿ ಮಲಗಿದ್ದ ಜನ. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು, ಸುತ್ತಲಿನ ಊರುಗಳ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ ಒಟ್ಟಿಗೆ ಕುಸಿದವು. ಸಾವಿರಾರು ಜನ ಸತ್ತರು, ಅದರಲ್ಲಿ ಮಕ್ಕಳು ಬಹಳ. ಇಪ್ಪತ್ತೆರಡು, ಇಪ್ಪತ್ತಮೂರಕ್ಕೇ ಆಪರೇಷನ್ ಮಾಡಿಸಿಕೊಂಡು, ಇದ್ದ ಎರಡು ಮೂರು ಮಕ್ಕಳನ್ನೂ ಒಂದೇ ರಾತ್ರಿಯಲ್ಲಿ ಕಳಕೊಂಡ ತಾಯಂದಿರು ಮತ್ತೆ ನಾಳ ಜೋಡಿಸೋ ಶಸ್ತ್ರಚಿಕಿತ್ಸೆಗೆ ಬಂದರು. ಸರಕಾರಿ ಭಾಷೆಯಲ್ಲಿ ಇವರು ‘ಯಶಸ್ವಿ ಫಲಾನುಭವಿಗಳು’. ಆ ಚಿಕಿತ್ಸೆ ಎಲ್ಲರಿಗೂ ಫಲ ಕೊಡೋದಲ್ಲ. ಬಸುರಾಗದ ಹೆಂಗಸಿನ ಮನೆಗೆ ಇನ್ನೊಬ್ಬಳು ಬರೋ ಭಯ ಇತ್ತು. ಇಂಥ ಸ್ಥಿತಿಯಲ್ಲಿ ಸಂಸ್ಕೃತಿ ಅಡ್ಡಿಯೇ, ಆಸರೆಯೇ ಅಂತ ಕೇಳೋದೇ ತಪ್ಪು ಪ್ರಶ್ನೆ ಅನ್ನಿಸ್ತದೆ. ನನಗೆ ಕಾಣೋದು ಇಷ್ಟು: ಮುಂದೂಡೋ, ಅಂತರ ಇಡೋ ಸಾಧನಗಳನ್ನು ಇವರ ಕೈಗೆ ಯಾರೂ ಮನಸ್ಸಿಟ್ಟು ಕೊಟ್ಟಿರಲಿಲ್ಲ. ಅತ್ತೆಗೆ ಅವು ನಾಚಿಕೆ, ಇಲಾಖೆಗೆ ಅವು ಗುರಿ ಮುಟ್ಟದ ಲೆಕ್ಕ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ, ‘ಗಡಿಯಿಂದ ಏನಾದರೂ ವ್ಯತ್ಯಾಸ ಆಗಿದೆಯಾ ಸರ್?’ ಆಗಿದೆ. 2001ರ ಸೆಪ್ಟೆಂಬರಿನ ನಂತರ ಮೂರನೇ ಮಗು ಹುಟ್ಟಿದವರು ಮಹಾರಾಷ್ಟ್ರದಲ್ಲಿ ಗ್ರಾಮ ಪಂಚಾಯಿತಿಗೆ ನಿಲ್ಲುವಂತಿಲ್ಲ. ಕರ್ನಾಟಕದಲ್ಲಿ ಆ ನಿಯಮ ಇಲ್ಲ. ಹರಿಯಾಣದ ಇಂಥದೇ ಕಾನೂನನ್ನು ಸುಪ್ರೀಂ ಕೋರ್ಟು 2003ರಲ್ಲಿ ಎತ್ತಿಹಿಡಿಯಿತು. ಈಗ ಯೋಚನೆ ಮಾಡಿ: ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳು, ಒಬ್ಬಳನ್ನು ಭಾಲ್ಕಿ ಕಡೆ ಕೊಟ್ಟಿದ್ದಾರೆ, ಒಬ್ಬಳನ್ನು ನಿಲಂಗಾ ಕಡೆ. ಇಬ್ಬರಿಗೂ ಎರಡು ಹೆಣ್ಣು, ಅತ್ತೆಯ ಹಟಕ್ಕೆ ಮೂರನೇದು. ಅಕ್ಕ ಮೀಸಲು ಸೀಟಿಗೆ ಅರ್ಜಿ ಹಾಕಬಹುದು. ತಂಗಿ ಹಾಕೋ ಹಾಗಿಲ್ಲ. ಹಟ ಹಿಡಿದ ಅತ್ತೆ ಮಾತ್ರ, ಆಕೆಗೆ 2001ಕ್ಕೆ ಮೊದಲೇ ಆರು ಮಕ್ಕಳಾಗಿದ್ದರೂ, ಬೇಕಾದರೆ ನಿಲ್ಲಬಹುದು.