ಮಿಸಿಸಿಪ್ಪಿಯ ವಿಹಾರನೌಕೆಗಳು

ನದಿಯ ಮೇಲೆ ತೇಲುತ್ತ, ಗಾನವನ್ನಾಲಿಸುತ್ತ ಭೋಜನ ಮಾಡುವುದು ಹಿಂದೆ ಬಹುಮಟ್ಟಿಗೆ ಅರಸರ ವಿಲಾಸವಾಗಿದ್ದಿತು. ಅದನ್ನು ಸಾಮಾನ್ಯರಿಗೂ ಎಟುಕುವಂತೆ ಮಾಡಿದವುಗಳಲ್ಲಿ ಅಮೆರಿಕದ ಮಿಸಿಸಿಪ್ಪಿ ನದಿಯ ಉಗಿಹಡಗುಗಳು ಪ್ರಸಿದ್ಧವಾದುವು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲುಮಾರ್ಗಗಳು ಹಬ್ಬಿದಂತೆಲ್ಲ ಈ ಹಡಗುಗಳಿಗೆ ಸರಕೂ ಪ್ರಯಾಣಿಕರೂ ವಿರಳವಾದರು. ಆಗ ಸ್ಟ್ರೆಕ್‌ಫಸ್ ಮನೆತನದವರು ತಮ್ಮ ಹಡಗುಗಳಲ್ಲಿ ವಿಶಾಲವಾದ ನರ್ತನಾಂಗಣಗಳನ್ನು ಏರ್ಪಡಿಸಿ, ಬೆಳದಿಂಗಳ ವಿಹಾರವನ್ನೇ ವ್ಯಾಪಾರವನ್ನಾಗಿ ಮಾಡಿಕೊಂಡರು. 1907ರಲ್ಲಿ ಇವರಲ್ಲಿ ಕೆಲಸಕ್ಕೆ ಸೇರಿದ ಫೇಟ್ ಮ್ಯಾರಬಲ್ ಎಂಬ ಪಿಯಾನೋ ವಾದಕನು ಮುಂದೆ ಕರಿಯ ಜನಾಂಗದ ವಾದಕರ ಮೇಳವೊಂದನ್ನು ಕಟ್ಟಿದನು. ಆತನ ಶಿಸ್ತು ಕಠಿನವಾದುದು; ಸ್ವರಲಿಪಿಯನ್ನು ಓದಿ ನುಡಿಸಬೇಕೆಂಬುದು ಆತನ ನಿಯಮ. 1919ರಲ್ಲಿ ಈ ಮೇಳವನ್ನು ಸೇರಿದ ತರುಣ ಲೂಯಿ ಆರ್ಮ್‌ಸ್ಟ್ರಾಂಗನು ಜತೆಯ ವಾದಕನಾದ ಡೇವಿಡ್ ಜೋನ್ಸನಿಂದ ಆ ವಿದ್ಯೆಯನ್ನು ಕಲಿತು, 1921ರಲ್ಲಿ ಹಡಗನ್ನು ಬಿಟ್ಟನು. ಮುಂದೆ ಆತನು ಜಗದ್ವಿಖ್ಯಾತನಾದನು. ವಾದಕರು ಈ ಹಡಗುಗಳನ್ನು ಸಂಗೀತ ವಿದ್ಯಾಲಯವೆಂದೇ ಕರೆಯುತ್ತಿದ್ದುದು ಉಚಿತವೇ ಸರಿ.

ಆದರೆ ಈ ಸಂತೋಷಕ್ಕೊಂದು ಕಳಂಕವಿದ್ದಿತು. ನುಡಿಸುವವರು ಕರಿಯರು, ಕುಣಿದು ನಲಿಯುವವರು ಬಿಳಿಯರು. ಸೇಂಟ್ ಲೂಯಿ ಪಟ್ಟಣದಲ್ಲಿ ಕರಿಯ ಪ್ರಜೆಗಳಿಗೆ ಮೀಸಲಾಗಿದ್ದುದು ಸೋಮವಾರದ ರಾತ್ರಿ ಮಾತ್ರ. ಉಳಿದ ರಾತ್ರಿಗಳಲ್ಲಿ, ತಮ್ಮವರ ಗಾನವು ನೀರಿನ ಮೇಲಿಂದ ತೇಲಿಬಂದರೂ, ಅವರು ದಡದಲ್ಲಿಯೇ ನಿಲ್ಲಬೇಕಾಗಿದ್ದಿತು.

ಇಂದು ನ್ಯೂ ಆರ್ಲಿಯನ್ಸಿನಲ್ಲಿ 'ನ್ಯಾಚೆಜ್' ಎಂಬ ಉಗಿಹಡಗು ಜಾಸ್ ಸಂಗೀತದೊಡನೆ ಭೋಜನವನ್ನೂ ನೀಡುತ್ತ ಅದೇ ನದಿಯಲ್ಲಿ ಸಂಚರಿಸುತ್ತಿದೆ. ಅದನ್ನೇರಲು ಬಣ್ಣದ ತಡೆಯಿಲ್ಲ. ಕಲೆಯನ್ನು ಮೆಚ್ಚಿ ಕಲಾವಿದನ ಬಂಧುಗಳನ್ನು ದೂರವಿರಿಸಿದ ಆ ಕಾಲವನ್ನು, ಆ ಸಂಗೀತದ ಕೀರ್ತಿಯೊಡನೆಯೇ ನೆನೆಯುವುದು ನ್ಯಾಯವಾಗಿದೆ.